ಓದುಗರ ಪ್ರಶ್ನೆ: ಹತ್ತು ಲೀಟರ್ ಆಯಿಲ್‌ಗೆ ಒಂಬತ್ತು ಗ್ರಾಂ ಪುಡಿ

ಪ್ರಶ್ನೆ: ನಮ್ಮ ಕನ್ವೇಯರ್‌ನ 40:1 ವರ್ಮ್ ಗೇರ್‌ಬಾಕ್ಸ್ ಹತ್ತು ಲೀಟರ್ ಆಯಿಲ್ ಹಿಡಿಯುತ್ತದೆ. ಗಾಡಿಗೆ ಹಾಕುವ 90 ನಂಬರ್ ಗೇರ್ ಆಯಿಲನ್ನೇ ಹಾಕುತ್ತೇವೆ. ಡ್ರೈನ್ ಮಾಡಿದರೆ ಚಿನ್ನದ ಬಣ್ಣದ ಪುಡಿ ಬರುತ್ತದೆ, ಬಾಕ್ಸ್ ಕೈ ಇಡಲಾಗದಷ್ಟು ಬಿಸಿ. ನ್ಯಾನೊ ಮಾಲಿಬ್ಡಿನಂ ಡೈಸಲ್ಫೈಡ್ (ಘರ್ಷಣೆ ಇಳಿಸುವ ಅತಿಸೂಕ್ಷ್ಮ ಕಣಗಳ ಪುಡಿ) ಹಾಕಿದರೆ ಸರಿಹೋದೀತೇ? ಎಷ್ಟು ಹಾಕಬೇಕು?
– ವರ್ಕ್‌ಶಾಪ್ ಮಾಲೀಕರು, ಹುಬ್ಬಳ್ಳಿ

ಉತ್ತರ: ನ್ಯಾನೊ ಪುಡಿಯ ಮಾತು ಆಮೇಲೆ. ಮೊದಲು ಆಯಿಲ್ ಬದಲಿಸಿ. ನೀವು ಕಂಡ ಆ ಚಿನ್ನದ ಪುಡಿ, ವರ್ಮ್ ಎಂಬ ಉಕ್ಕಿನ ಸ್ಕ್ರೂ ತಿರುಗಿಸುವ ಬ್ರಾಂಜ್ ವೀಲಿನ ಹಲ್ಲೇ! 90 ನಂಬರ್ ಆಯಿಲ್‌ನ ದಪ್ಪ, ಐಎಸ್‌ಒ ವಿಜಿ ಎಂಬ ಅಳತೆಯಲ್ಲಿ ಸುಮಾರು 220ರಷ್ಟು. ವರ್ಮ್ ಬಾಕ್ಸ್‌ಗೆ ಸಾಮಾನ್ಯವಾಗಿ ಬೇಕಾದದ್ದು 460. ಸಾಲದ್ದಕ್ಕೆ, ಗಾಡಿಯ ಆಯಿಲ್‌ನಲ್ಲಿರುವ ಗಂಧಕದ ಇ.ಪಿ. (ಅತಿ ಒತ್ತಡ ತಾಳಿಸುವ) ರಾಸಾಯನಿಕ ಉಕ್ಕಿನ ಹಲ್ಲನ್ನು ಕಾಯುತ್ತದೆ, ಬಿಸಿಯೇರಿದಾಗ ಬ್ರಾಂಜನ್ನು ತಿನ್ನುತ್ತದೆ.

ಬಾಕ್ಸ್ ಬೆಚ್ಚಗಿರುವಾಗಲೇ ಹಳೆಯದನ್ನು ಇಳಿಸಿ. ಅಗ್ಗದ ತೆಳು ಮಿನರಲ್ ಆಯಿಲ್ ಹಾಕಿ, ಲೋಡ್ ಇಲ್ಲದೆ ಹತ್ತು ನಿಮಿಷ ಓಡಿಸಿ, ಅದನ್ನೂ ಇಳಿಸಿ. ಆಮೇಲೆ ಬ್ರಾಂಜ್‌ಗೆ ಒಗ್ಗುವ 460 ವರ್ಮ್ ಗೇರ್ ಆಯಿಲ್ ತುಂಬಿ. ಮಿನರಲ್ ಆಯಿಲ್ ಇದ್ದ ಬಾಕ್ಸ್‌ಗೆ ಪಾಲಿಗ್ಲೈಕಾಲ್ ಜಾತಿಯದನ್ನು ಸುರಿಯಬೇಡಿ, ಎರಡೂ ಬೆರೆಯುವುದಿಲ್ಲ. ಬಾಕ್ಸ್‌ನ ಬಿಸಿ ಗಾಳಿ ಹೊರಬಿಡುವ ಬ್ರೀದರ್ ಪ್ಲಗ್ ಕಟ್ಟಿಕೊಂಡಿದೆಯೇ ಎಂದೂ ನೋಡಿ.

ಇನ್ನು ನ್ಯಾನೊ. ಎರಡು ಲೋಹಗಳನ್ನು ಆಯಿಲ್ ಪದರ ಪೂರ್ತಿ ಬೇರ್ಪಡಿಸಿದ ಕಡೆ ಈ ಪುಡಿಗೆ ಕೆಲಸವೇ ಇಲ್ಲ. ಪದರ ತೆಳುವಾಗಿ ಲೋಹಕ್ಕೆ ಲೋಹ ತಾಗುವಲ್ಲಿ ಮಾತ್ರ ಉಪಯೋಗ: ಸ್ಟಾರ್ಟ್ ಆಗುವಾಗ, ನಿಧಾನ ವೇಗದಲ್ಲಿ, ಏಟಿನ ಲೋಡ್‌ನಲ್ಲಿ. ವರ್ಮ್‌ನಲ್ಲಿ ಹಲ್ಲುಗಳು ಉರುಳುವುದಕ್ಕಿಂತ ಉಜ್ಜುವುದೇ ಹೆಚ್ಚು, ಹಾಗಾಗಿ ಅಲ್ಲಿ ಅರ್ಥವಿದೆ. ಹತ್ತು ಲೀಟರ್ ಎಂದರೆ ಸುಮಾರು 9 ಕಿಲೋ ಆಯಿಲ್, ಶೇ. 0.1 ಎಂದರೆ 9 ಗ್ರಾಂ. ಅಲ್ಲಿಂದ ಶುರು ಮಾಡಿ. 45 ಗ್ರಾಂ ದಾಟಬೇಡಿ. ಹೆಚ್ಚಾದ ಪುಡಿ ಗಂಟು ಕಟ್ಟಿ ತಳದಲ್ಲಿ ಗಸಿಯಾಗಿ ಕೂರುತ್ತದೆ.

ಒಣ ಪುಡಿಗಿಂತ ಎಣ್ಣೆಯಲ್ಲಿ ಮೊದಲೇ ಹದವಾಗಿ ಬೆರೆಸಿದ ಕಾನ್ಸಂಟ್ರೇಟ್ ಕೊಳ್ಳಿ. ಲೇಬಲ್‌ನಲ್ಲಿ ಶೇ. 10 ಎಂದಿದ್ದರೆ ನಿಮಗೆ ಬೇಕಾದದ್ದು 90 ಗ್ರಾಂ. ಅದನ್ನು 50–60 ಡಿಗ್ರಿಗೆ ಬಿಸಿ ಮಾಡಿದ ಅರ್ಧ ಲೀಟರ್ ಅದೇ ಆಯಿಲ್‌ನಲ್ಲಿ ಕಲಕಿ, ಬಾಕ್ಸ್‌ಗೆ ಸುರಿದು, ಕೂಡಲೇ ಓಡಿಸಿ. ಡ್ರಿಲ್ ಮೆಷಿನ್‌ಗೆ ಕಡ್ಡಿ ಸಿಕ್ಕಿಸಿ ಒಣ ಪುಡಿ ಕಲಕಿದರೆ ರಾಗಿ ಮುದ್ದೆಯ ಗಂಟಿನ ಹಾಗೆ ಹೊರಗೆ ಎಣ್ಣೆ, ಒಳಗೆ ಒಣ. ಒಣ ಪುಡಿ ಮೂಗಿಗೂ ಒಳ್ಳೆಯದಲ್ಲ.

ಫಲ ಅಳೆಯುವಾಗ ಖಾಲಿ ಓಡುವ ಮೋಟರಿನ ಆಂಪ್ಸ್ ನಂಬಬೇಡಿ. ಅದರಲ್ಲಿ ಬಹುಪಾಲು ಮೋಟರಿನ ಕಾಂತಕ್ಷೇತ್ರಕ್ಕೇ ಹೋಗುವ ಕರೆಂಟ್. ಒಂದೇ ಲೋಡ್‌ನಲ್ಲಿ ಎರಡು ಗಂಟೆ ಓಡಿಸಿ, ಬಾಕ್ಸ್‌ನ ತಾಪ ಮತ್ತು ಕಿಲೋವ್ಯಾಟ್ ಎರಡನ್ನೂ ಬರೆದಿಡಿ. ಮೊದಲು ಹೊಸ ಆಯಿಲ್ ಒಂದರಲ್ಲೇ, ಆಮೇಲೆ ಪುಡಿ ಹಾಕಿ. ಆಯಿಲ್ ಬದಲಾದ ಲಾಭವನ್ನು ಪುಡಿಯ ಲೆಕ್ಕಕ್ಕೆ ಬರೆದುಕೊಳ್ಳುವವರೇ ಜಾಸ್ತಿ.

ಪ್ರಶ್ನೆ: ಪ್ರಾಜೆಕ್ಟ್‌ಗಾಗಿ ಹೊಂಗೆ ಎಣ್ಣೆಯಲ್ಲಿ ನ್ಯಾನೊ ಟೈಟಾನಿಯಂ ಡೈಆಕ್ಸೈಡ್ ಬೆರೆಸಿದ್ದೇವೆ. ಮೂರನೇ ದಿನಕ್ಕೆ ತಳ ಸೇರುತ್ತದೆ. ಫೋರ್ ಬಾಲ್ ಟೆಸ್ಟ್‌ನಲ್ಲಿ (ಮೂರು ಉಕ್ಕಿನ ಬಾಲ್‌ಗಳ ಮೇಲೆ ನಾಲ್ಕನೆಯದನ್ನು ಒತ್ತಿ ತಿರುಗಿಸಿ ಸವೆತ ಅಳೆಯುವ ಪರೀಕ್ಷೆ) ಶೇ. 0.25ಕ್ಕಿಂತ ಶೇ. 1ರಲ್ಲಿ ಸವೆತದ ಕಲೆಯೇ ದೊಡ್ಡದು. ಏಕೆ?
– ಮೆಕ್ಯಾನಿಕಲ್ ವಿದ್ಯಾರ್ಥಿಗಳು, ದಾವಣಗೆರೆ

ಉತ್ತರ: ಎರಡಕ್ಕೂ ಕಾರಣ ಗಂಟು. ಕಣ ಮುಳುಗುವ ವೇಗ ವ್ಯಾಸದ ವರ್ಗಕ್ಕೆ ತಕ್ಕಂತೆ ಏರುತ್ತದೆ. 30 ನ್ಯಾನೊಮೀಟರ್ ಕಣಗಳು ಸೇರಿ 3 ಮೈಕ್ರಾನ್ ಗಂಟಾದರೆ ವ್ಯಾಸ ನೂರು ಪಟ್ಟು, ಮುಳುಗುವ ವೇಗ ಸುಮಾರು ಹತ್ತು ಸಾವಿರ ಪಟ್ಟು. ಅದೇ ಗಂಟು ಬಾಲ್‌ಗಳ ನಡುವೆ ಸಿಕ್ಕರೆ ಆಯಿಲ್ ಒಳಹೋಗುವ ದಾರಿ ತಡೆದು ಲೋಹವನ್ನು ಗೀರುತ್ತದೆ.

ಈ ಕಣದ ಮೈ ನೀರಿಗೆ ಒಲಿಯುತ್ತದೆ, ಎಣ್ಣೆಗಲ್ಲ. ಅದಕ್ಕೆ ಓಲಿಯಿಕ್ ಆಮ್ಲದ (ಎಣ್ಣೆಗಳಲ್ಲಿರುವ ಒಂದು ಕೊಬ್ಬಿನಾಮ್ಲ) ಕೋಟು ಹಾಕಬೇಕು. ಹೊಂಗೆ ಎಣ್ಣೆಯಲ್ಲೇ ಅದು ಧಾರಾಳವಾಗಿದೆಯಲ್ಲ ಎನ್ನಬಹುದು. ಇದೆ, ಆದರೆ ಅದರ ಆಮ್ಲದ ತುದಿ ಗ್ಲಿಸರಾಲ್‌ಗೆ ಕಟ್ಟಿಹೋಗಿದೆ. ಕಣವನ್ನು ಹಿಡಿಯಲು ಕೈ ಖಾಲಿಯಿಲ್ಲ. ಪುಡಿಯನ್ನು 110 ಡಿಗ್ರಿಯಲ್ಲಿ ಎರಡು ಗಂಟೆ ಒಣಗಿಸಿ, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಓಲಿಯಿಕ್ ಆಮ್ಲದೊಂದಿಗೆ 60 ಡಿಗ್ರಿಯಲ್ಲಿ, ಫ್ಯೂಮ್ ಹುಡ್ ಒಳಗೆ, ಕಲಕಿ. ಸೆಂಟ್ರಿಫ್ಯೂಜ್ ಮಾಡಿ, ಮಿಕ್ಕ ಆಮ್ಲ ತೊಳೆದು ಒಣಗಿಸಿ. ಮಿಕ್ಕ ಆಮ್ಲ ಎಣ್ಣೆಯಲ್ಲಿ ಉಳಿದರೆ ತಾಮ್ರವನ್ನು ತಿನ್ನುತ್ತದೆ. ಬೆರೆಸಲು ಬಾತ್ ಸೋನಿಕೇಟರ್ (ಶಬ್ದದ ಅಲೆಯಿಂದ ಕಲಕುವ ನೀರಿನ ತೊಟ್ಟಿ) ಸಾಲದು, ಎಣ್ಣೆಯಲ್ಲೇ ಅದ್ದುವ 20 ಕಿಲೋಹರ್ಟ್ಸ್ ಪ್ರೋಬ್ ಬೇಕು: ಐದು ಸೆಕೆಂಡ್ ಆನ್, ಐದು ಸೆಕೆಂಡ್ ಆಫ್, ಬೀಕರ್ ಐಸ್ ನೀರಿನಲ್ಲಿ. ಬಿಸಿಯಾದರೆ ಹೊಂಗೆ ಎಣ್ಣೆ ಬೇಗ ಕೆಡುತ್ತದೆ.

ಎಎಸ್‌ಟಿಎಂ ಡಿ 4172 ಎಂಬ ಮಾನದಂಡದ ಪ್ರಕಾರ ಫೋರ್ ಬಾಲ್ ಪರೀಕ್ಷೆಯೆಂದರೆ 75 ಡಿಗ್ರಿ, 1200 ಆರ್‌ಪಿಎಂ, 60 ನಿಮಿಷ. ಲೋಡ್ 392 ನ್ಯೂಟನ್ ಇಡಿ. ಪ್ರತಿ ಸಲ ಹೊಸ ಬಾಲ್. ಓಲಿಯಿಕ್ ಆಮ್ಲ ಮಾತ್ರ ಬೆರೆಸಿದ, ಪುಡಿಯಿಲ್ಲದ ಎಣ್ಣೆಯನ್ನೂ ಪರೀಕ್ಷಿಸಿ. ಆ ಆಮ್ಲವೇ ಘರ್ಷಣೆ ಇಳಿಸುತ್ತದೆ. ಈ ಒಂದು ಓಟ ಬಿಟ್ಟರೆ ವೈವಾದಲ್ಲಿ ಮೊದಲ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ.

ಪ್ರಶ್ನೆ: ದುಂಡನೆಯ ನ್ಯಾನೊ ಕಣಗಳು ಬಾಲ್ ಬೇರಿಂಗ್‌ನಂತೆ ಉರುಳುತ್ತವಂತೆ, ನಿಜವೇ?
– ಓದುಗರು, ಮೈಸೂರು

ಉತ್ತರ: ಅರ್ಧ ನಿಜ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯಲ್ಲಿ ರೆಶೆಫ್ ಟೆನ್ನೆ ತಂಡ 1992ರಲ್ಲಿ ಈರುಳ್ಳಿಯಂತೆ ಪದರ ಪದರವಾದ ಟಂಗ್‌ಸ್ಟನ್ ಡೈಸಲ್ಫೈಡ್ ಕಣಗಳನ್ನು ವರದಿ ಮಾಡಿತು. ಒತ್ತಡ ಕಡಿಮೆಯಿದ್ದಾಗ ಅವು ಉರುಳಬಹುದು. ಹೆಚ್ಚಾದರೆ ಈರುಳ್ಳಿ ನಜ್ಜುಗುಜ್ಜಾಗಿ ಪದರಗಳು ಬಿಚ್ಚಿ ಲೋಹದ ಮೈಗೆ ಅಂಟುತ್ತವೆ. ಭಾರದ ಲೋಡ್‌ನಲ್ಲಿ ಸವೆತ ತಡೆಯುವುದು ಮುಖ್ಯವಾಗಿ ಆ ಅಂಟಿದ ಪದರವೇ.

ಪ್ರಶ್ನೆ: ಬೈಕ್ ಎಂಜಿನ್‌ಗೆ ಕಪ್ಪು ನ್ಯಾನೊ ಅಡಿಟಿವ್ ಹಾಕಿಸಿದ ಮೇಲೆ ಏರಿನಲ್ಲಿ ಎಂಜಿನ್ ಕೂಗುತ್ತದೆ, ಬೈಕ್ ಎಳೆಯುವುದಿಲ್ಲ.
– ಮಡಿಕೇರಿ

ಉತ್ತರ: ಕ್ಲಚ್ ಜಾರುತ್ತಿರುವ ಲಕ್ಷಣ. ಹೆಚ್ಚಿನ ಬೈಕ್‌ಗಳಲ್ಲಿ ಕ್ಲಚ್ ಪ್ಲೇಟ್ ಎಂಜಿನ್ ಆಯಿಲ್‌ನಲ್ಲೇ ಮುಳುಗಿರುತ್ತದೆ; ಘರ್ಷಣೆ ಇಳಿಸುವ ವಸ್ತು ಅದರ ಹಿಡಿತವನ್ನೂ ಇಳಿಸುತ್ತದೆ. ಮೊದಲು ಕ್ಲಚ್ ಕೇಬಲ್‌ನಲ್ಲಿ ಇರಬೇಕಾದಷ್ಟು ಸಡಿಲ (ಫ್ರೀ ಪ್ಲೇ) ಇದೆಯೇ ನೋಡಿ. ಇದ್ದರೆ ಆಯಿಲ್ ಇಳಿಸಿ, ಫಿಲ್ಟರ್ ಬದಲಿಸಿ, ಆಯಿಲ್‌ನಲ್ಲಿ ಮುಳುಗಿದ ಕ್ಲಚ್‌ಗೆ ಒಗ್ಗುವ, ಜಾಸೊ ಎಂಎ2 ಎಂದು ಬರೆದಿರುವ ಆಯಿಲ್ ಹಾಕಿ. 300 ಕಿ.ಮೀ. ಓಡಿಸಿ ಮತ್ತೊಮ್ಮೆ ಬದಲಿಸಿ. ಆಗಲೂ ಜಾರಿದರೆ ಪ್ಲೇಟ್ ಹೊಸದು ಹಾಕಿಸಬೇಕು.