ಹೊಟ್ಟೆಯಲ್ಲಿಟ್ಟ ಬುರುಡೆ ಎಲುಬು

ಪ್ರಶ್ನೆ: ನಮ್ಮ ಯಜಮಾನರಿಗೆ 52. ತೊಗರಿ ರಾಶಿ ಮಾಡುವಾಗ ಲಕ್ವಾ ಹೊಡೀತು. ಮೊದಲ ದಿನ ಕಣ್ಣು ಬಿಟ್ಟು ನೋಡುತ್ತಿದ್ದವರು ಮರುದಿನ ಎಬ್ಬಿಸಿದರೂ ಏಳಲಿಲ್ಲ. ಕಲಬುರಗಿಯಲ್ಲಿ ತಲೆಯ ಎಲುಬು ತೆಗೆದು ಹೊಟ್ಟೆಯ ಚರ್ಮದಡಿ ಇಟ್ಟಿದ್ದಾರೆ. ಇದು ಬೇಕಿತ್ತೇನ್ರಿ?
– ಓದುಗರು, ಸೇಡಂ

ಉತ್ತರ: ಬೇಕಿತ್ತು ತಂಗಿ. ದೊಡ್ಡ ರಕ್ತನಾಳ ಕಟ್ಟಿದರೆ ಮಿದುಳು ನಾಲ್ಕೈದು ದಿನ ಬಾಯುತ್ತಲೇ ಹೋಗಬಹುದು. ಬುರುಡೆ ಹಿಗ್ಗುವುದಿಲ್ಲವಲ್ಲ! ಆ ಒತ್ತಡ ಮಿದುಳಿನ ಬುಡವನ್ನು ಅದುಮಿದರೆ ಉಸಿರೇ ನಿಲ್ಲುತ್ತದೆ. ಬಾವು ಇಳಿಸುವ ಮ್ಯಾನಿಟಾಲ್ ಔಷಧದ ಬಾಟಲಿ ಕೆಲ ತಾಸು ತಡೆದೀತು, ಅಷ್ಟೇ. 60ರೊಳಗಿನವರಿಗೆ 48 ತಾಸಿನೊಳಗೆ ಎಲುಬು ತೆಗೆದರೆ ಜೀವ ಉಳಿಯುವ ಸಾಧ್ಯತೆ ಬಹಳ ಹೆಚ್ಚು. ಬಿದ್ದ ಕೈಕಾಲು ಮಾತ್ರ ಅದರಿಂದ ಏಳುವುದಿಲ್ಲ. ನಿಮಗಿದನ್ನು ಯಾರಾದರೂ ಮೊದಲೇ ಹೇಳಬೇಕಿತ್ತು. ಹೊಟ್ಟೆಯಲ್ಲಿ ಎಲುಬು ಸುರಕ್ಷಿತ. ಬಾವು ಇಳಿದ ಮೇಲೆ, ಸಾಮಾನ್ಯವಾಗಿ ಕೆಲ ತಿಂಗಳಿಗೆ, ಕೂಡಿಸುತ್ತಾರೆ. ಅಲ್ಲಿಯವರೆಗೆ ತಲೆಯ ಎಲುಬು ತೆಗೆದ ಮಗ್ಗಲು ಮಲಗಿಸಬೇಡಿ. ಎಬ್ಬಿಸಿ ನಡೆಸುವಾಗ ರುಮಾಲು ಸಾಲದು, ಹೆಲ್ಮೆಟ್ ಹಾಕಿ.