ವಿಂಡೋಸ್‌ನ ಸ್ಟೋರೇಜ್ ಸ್ಪೇಸಸ್ (ಹಲವು ಡಿಸ್ಕ್‌ಗಳನ್ನು ಒಂದೇ ಪೂಲ್ ಆಗಿ ಸೇರಿಸುವ ಸೌಲಭ್ಯ) ಪ್ಯಾರಿಟಿ ಪೂಲ್‌ಗೆ ಬರೆಯುವಾಗ ಇಷ್ಟು ನಿಧಾನ ಯಾಕೆ? ಇನ್ನೊಂದು ಡಿಸ್ಕ್ ಸೇರಿಸಿದರೆ ವೇಗ ಬರುತ್ತಾ?

ಬರಲ್ಲ. ಜಾಗ ಹೆಚ್ಚುತ್ತೆ ಅಷ್ಟೇ. ಆದರೆ ಹೊಸ 8 ಟಿಬಿ ಡಿಸ್ಕ್ ತಂದಿಟ್ಟಿದ್ದೀರಿ, ಇನ್ನೂ ಪೂಲ್‌ಗೆ ಸೇರಿಸಿಲ್ಲ ಅಂದಿರಲ್ಲ, ಒಳ್ಳೆಯದಾಯಿತು. ಸದ್ಯಕ್ಕೆ ಸೇರಿಸಲೇಬೇಡಿ.

ನೀವು ಹೇಳಿದ್ದು ಇಷ್ಟು: 4 ಟಿಬಿಯ ಮೂರು ಡಿಸ್ಕ್, ವಿಂಡೋಸ್ 11, ಕಂಟ್ರೋಲ್ ಪ್ಯಾನೆಲ್‌ನಿಂದಲೇ ಮಾಡಿದ ಪ್ಯಾರಿಟಿ ಸ್ಪೇಸ್ (ಒಂದು ಡಿಸ್ಕ್ ಕೆಟ್ಟರೂ ಡೇಟಾ ಮರಳಿ ಕಟ್ಟಲು ಪ್ಯಾರಿಟಿ ಅನ್ನುವ ಲೆಕ್ಕವನ್ನೂ ಜೊತೆಗೆ ಬರೆದಿಡುವಂಥದ್ದು), ಒಳಗೆ ಸುಮಾರು 5 ಟಿಬಿ ಡೇಟಾ. ಓದುವಾಗ ತೊಂದರೆಯಿಲ್ಲ, ಬರೆಯುವಾಗ ಮಾತ್ರ ಸೆಕೆಂಡಿಗೆ 30 ಎಂಬಿ. ಈ ಲಕ್ಷಣ ನೋಡಿದರೆ ಡಿಸ್ಕ್ ಕೆಟ್ಟ ಹಾಗಿಲ್ಲ, ಕಂಟ್ರೋಲ್ ಪ್ಯಾನೆಲ್ ಕೇಳದೆಯೇ ಹಾಕಿಕೊಂಡ ಅಳತೆಗಳದೇ ಕಿತಾಪತಿ.

ಪವರ್‌ಶೆಲ್‌ನಲ್ಲಿ (ವಿಂಡೋಸ್‌ಗೆ ಆಜ್ಞೆ ಟೈಪ್ ಮಾಡುವ ಕಿಟಕಿ) ನಿಮ್ಮ ವರ್ಚುವಲ್ ಡಿಸ್ಕ್‌ನ, ಅಂದರೆ ಆ ಸ್ಪೇಸ್‌ನ, ವಿವರ ತೆಗೆದು ನೋಡಿ. ಕಾಲಂ (ಡೇಟಾದ ಒಂದು ಸಾಲು ಎಷ್ಟು ಡಿಸ್ಕ್‌ಗಳಿಗೆ ಹರಡುತ್ತದೆ ಅನ್ನುವುದು) 3, ಇಂಟರ್‌ಲೀವ್ (ಆ ಸಾಲಿನಲ್ಲಿ ಒಂದು ಡಿಸ್ಕ್‌ಗೆ ಹೋಗುವ ತುಂಡಿನ ಗಾತ್ರ, ಬೈಟ್‌ಗಳಲ್ಲಿ) 262144 ಅಂತ ಇರಬೇಕು. ಅಂದರೆ ಪ್ರತಿ ಡಿಸ್ಕ್‌ಗೆ 256 ಕೆಬಿಯ ತುಂಡು. ಒಂದು ಪೂರ್ತಿ ಸಾಲಿಗೆ 512 ಕೆಬಿ ಡೇಟಾ, 256 ಕೆಬಿ ಪ್ಯಾರಿಟಿ. ಅದರ ಮೇಲೆ ಎನ್‌ಟಿಎಫ್‌ಎಸ್ (ವಿಂಡೋಸ್‌ನ ಫೈಲ್ ವ್ಯವಸ್ಥೆ) ಕ್ಲಸ್ಟರ್, ಅಂದರೆ ಅದು ಜಾಗ ಹಂಚುವ ಅತಿ ಚಿಕ್ಕ ತುಂಡು, ಬರೀ 4 ಕೆಬಿ. ಸಾಲು ಪೂರ್ತಿ ತುಂಬದ ಬರವಣಿಗೆ ಬಂದಾಗ ವಿಂಡೋಸ್ ಹಳೆಯ ಡೇಟಾ ಓದಿ, ಹಳೆಯ ಪ್ಯಾರಿಟಿ ಓದಿ, ಹೊಸ ಪ್ಯಾರಿಟಿ ಲೆಕ್ಕ ಹಾಕಿ, ಆಮೇಲೆ ಎರಡನ್ನೂ ಬರೆಯಬೇಕು. ಬರೆಯುವುದು ಒಂದು, ಡಿಸ್ಕ್‌ಗೆ ಓಡಾಟ ನಾಲ್ಕು.

ಡೇಟಾ ಕಾಲಂಗಳ ಸಂಖ್ಯೆಯನ್ನು ಇಂಟರ್‌ಲೀವ್‌ನಿಂದ ಗುಣಿಸಿದರೆ ಬರುವ ಮೊತ್ತ ಕ್ಲಸ್ಟರ್ ಗಾತ್ರಕ್ಕೆ ಸರಿಹೊಂದಿದರೆ ಈ ಓಡಾಟ ತಪ್ಪುತ್ತದೆ. ಮೂರು ಕಾಲಂ ಅಂದರೆ ಡೇಟಾಗೆ ಎರಡು. ಎರಡು ಗುಣಿಸು 32 ಕೆಬಿ, 64 ಕೆಬಿ. ಹಾಗಾಗಿ ಇಂಟರ್‌ಲೀವ್ 32 ಕೆಬಿ, ಫಾರ್ಮ್ಯಾಟ್ ಮಾಡುವಾಗ ಅಲೊಕೇಶನ್ ಯುನಿಟ್ (ಕ್ಲಸ್ಟರ್‌ನದೇ ಇನ್ನೊಂದು ಹೆಸರು) 64 ಕೆಬಿ. ನಾಲ್ಕು ಡಿಸ್ಕ್ ಇದೆಯಲ್ಲ ಅಂತ ನಾಲ್ಕು ಕಾಲಂ ಮಾಡಲು ಹೋಗಬೇಡಿ. ಮೂರರಿಂದ ಏನನ್ನು ಗುಣಿಸಿದರೂ 64 ಬರಲ್ಲ! ಐದು ಡಿಸ್ಕ್ ಆದಾಗ ಬೇಕಾದರೆ ಐದು ಕಾಲಂ, 16 ಕೆಬಿ.

64 ಕೆಬಿಯಿಂದ ಇನ್ನೊಂದು ಲಾಭವೂ ಇದೆ: 4 ಕೆಬಿ ಕ್ಲಸ್ಟರ್‌ನ ಎನ್‌ಟಿಎಫ್‌ಎಸ್ ವಾಲ್ಯೂಮ್ 16 ಟಿಬಿ ದಾಟಿ ಬೆಳೆಯಲ್ಲ, 64 ಕೆಬಿಯದು 256 ಟಿಬಿವರೆಗೆ ಹೋಗುತ್ತದೆ.

ತೊಂದರೆಯೆಂದರೆ ಕಾಲಂ, ಇಂಟರ್‌ಲೀವ್ ಎರಡನ್ನೂ ಆಮೇಲೆ ಬದಲಿಸಲು ಬರುವುದಿಲ್ಲ, ಸ್ಪೇಸ್ ಅಳಿಸಿ ಹೊಸದಾಗಿ ಮಾಡಬೇಕು. ಅದಕ್ಕೇ 8 ಟಿಬಿ ಡಿಸ್ಕ್ ಹೊರಗಿರಲಿ ಅಂದದ್ದು. ಮೊದಲು ಡೇಟಾ ಎಲ್ಲ ಅದಕ್ಕೆ ಕಾಪಿ ಮಾಡಿ. ಹಳೆಯ ಸ್ಪೇಸ್ ಅಳಿಸಿ, ಪವರ್‌ಶೆಲ್‌ನಿಂದ ಮೇಲಿನ ಅಳತೆಗೆ ಥಿನ್ ಆಗಿ (ಜಾಗವನ್ನು ಮೊದಲೇ ಹಿಡಿದಿಡದೆ, ಡೇಟಾ ತುಂಬಿದಷ್ಟೇ ಬಳಸುವ ಹಾಗೆ) ಹೊಸದು ಮಾಡಿ, ಡೇಟಾ ವಾಪಸ್ ತುಂಬಿ. ಎಲ್ಲ ಬಂದಿದೆಯೇ ನೋಡಿಕೊಂಡೇ 8 ಟಿಬಿಯನ್ನು ಪೂಲ್‌ಗೆ ಕೊಡಿ, ಸೇರಿಸಿದ ಕ್ಷಣ ಅದರಲ್ಲಿರುವುದು ಅಳಿಸಿಹೋಗುತ್ತದೆ. ನಡುವೆ ಸ್ವಲ್ಪ ಹೊತ್ತು ನಿಮ್ಮ ಡೇಟಾ ಒಂದೇ ಡಿಸ್ಕ್‌ನಲ್ಲಿರುತ್ತದೆ; ಮನೆಯವರ ಫೋಟೋಗಳಿಗೆ ಇನ್ನೊಂದು ಪ್ರತಿ ಬೇರೆ ಕಡೆ ಇಟ್ಟುಕೊಳ್ಳದೆ ಇದಕ್ಕೆ ಕೈಹಾಕಬೇಡಿ.

ಸೇರಿಸುವಾಗ, ಇರುವ ಡೇಟಾವನ್ನು ಎಲ್ಲ ಡ್ರೈವ್‌ಗಳಿಗೂ ಹಂಚುವ ಆಪ್ಟಿಮೈಸ್ ಆಯ್ಕೆಗೆ ಟಿಕ್ ಇರಲಿ. ಇಲ್ಲದಿದ್ದರೆ ಹಳೆಯ ಡಿಸ್ಕ್ ಒಂದೊಂದರಲ್ಲೂ ಉಳಿಯುವುದು 1.5 ಟಿಬಿ ಮಾತ್ರ, ಪ್ರತಿ ಸಾಲಿಗೂ ಮೂರು ಬೇರೆ ಡಿಸ್ಕ್ ಬೇಕು, ಹಾಗಾಗಿ ಒಟ್ಟು ಹಿಡಿಯುವುದು ಸುಮಾರು 9.5 ಟಿಬಿ. ಹಂಚಿದರೆ 12ರ ಹತ್ತಿರ. ಹೊಸ ಡಿಸ್ಕ್‌ನಲ್ಲಿ 2 ಟಿಬಿ ಆಗಲೂ ಸುಮ್ಮನೆ ಬಿದ್ದಿರುತ್ತದೆ, ಮುಂದೆ ಹಳೆಯ ಒಂದನ್ನು ದೊಡ್ಡದಕ್ಕೆ ಬದಲಿಸಿದಾಗ ಕೆಲಸಕ್ಕೆ ಬರುತ್ತದೆ.

ನನ್ನ ಪೂಲ್‌ನಲ್ಲಿ ಹೀಗೆ ಮಾಡಿದ ಮೇಲೆ ನೆಟ್‌ವರ್ಕ್ ಮೂಲಕ ಬರೆಯುವ ವೇಗ 110 ಎಂಬಿಗೆ ಬಂದು ನಿಂತಿತು. ಅದು ಗಿಗಾಬಿಟ್ ಕೇಬಲ್‌ನ ಮಿತಿ, ಡಿಸ್ಕ್‌ಗಳದ್ದಲ್ಲ.

ಪೂಲ್‌ಗೆ 'ಪವರ್ ಪ್ರೊಟೆಕ್ಟೆಡ್' (ಕರೆಂಟ್ ಹೋದರೂ ಡಿಸ್ಕ್‌ಗಳಿಗೆ ತೊಂದರೆಯಿಲ್ಲ) ಅಂತ ಗುರುತು ಹಾಕಿ, ವೇಗ ಬರುತ್ತೆ ಅಂತ ಕೆಲವರು ಹೇಳುತ್ತಾರೆ. ಬರುವುದು ನಿಜ. ಆದರೆ ಯುಪಿಎಸ್ ಇಲ್ಲದ ಮನೆಯಲ್ಲಿ, ಮಳೆಗಾಲದ ನಮ್ಮ ಕರೆಂಟ್ ನಂಬಿ ಅದನ್ನು ಮಾಡಬಾರದು.

ಇಷ್ಟಾದರೂ ನಿಧಾನವಾದರೆ ಡಿಸ್ಕ್‌ಗಳು ಎಸ್‌ಎಂಆರ್ (ಟ್ರ್ಯಾಕ್‌ಗಳನ್ನು ಒಂದರ ಮೇಲೊಂದು ಸ್ವಲ್ಪ ಹಾಯುವಂತೆ ಬರೆಯುವ, ಹಾಗಾಗಿ ಮತ್ತೆ ಬರೆಯಲು ನಿಧಾನವಾಗುವ ಬಗೆ) ಇರಬಹುದು. ವೆಸ್ಟರ್ನ್ ಡಿಜಿಟಲ್ ತನ್ನ ರೆಡ್ ಸರಣಿಯ 2ರಿಂದ 6 ಟಿಬಿಯ ಕೆಲವು ಮಾಡೆಲ್‌ಗಳು ಎಸ್‌ಎಂಆರ್ ಅಂತ 2020ರಲ್ಲಿ ಒಪ್ಪಿಕೊಂಡಿತ್ತು. ನಿಮ್ಮ ನಾಲ್ಕು ಡಿಸ್ಕ್‌ಗಳ ಮಾಡೆಲ್ ನಂಬರೂ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.