ಕ್ಯಾಪ್ಸೂಲ್ ನುಂಗಿದ್ರೆ ಹಾರ್ಟ್ ಹೊಸದಾಗುತ್ತಾ?

ಪ್ರಶ್ನೆ: ಸಾರ್, ನಮ್ಮಪ್ಪಾರಿಗೆ 66 ವರ್ಷ, ಹೋದ್ವರ್ಷ ಮೈಸೂರಲ್ಲಿ ಹಾರ್ಟಿನ ರಕ್ತನಾಳಕ್ಕೆ ಸ್ಟೆಂಟ್ ಹಾಕ್ಸಿದೀವಿ. ಈಗ ಅವರ ಸ್ನೇಹಿತರೊಬ್ರು ಆನ್‌ಲೈನಲ್ಲಿ ಯಾವ್ದೋ ಪೆಪ್ಟೈಡ್ ಕ್ಯಾಪ್ಸೂಲ್ ತರಿಸ್ಕೊಟ್ಟವ್ರೆ, ರಷ್ಯಾದೋರು ಕಂಡುಹಿಡಿದಿದ್ದಂತೆ, ಹಾರ್ಟಿನ ವಯಸ್ಸೇ ಇಳಿಸ್ತದಂತೆ. ಅಪ್ಪ ಇದನ್ನ ಶುರು ಮಾಡಿ ರಕ್ತ ತೆಳು ಮಾಡೋ ಮಾತ್ರೆ ಬಿಟ್ಬಿಡ್ತೀನಿ ಅಂತ ಕೂತವ್ರೆ. ಏನ್ ಮಾಡದು?
– ಓದುಗರು, ಮಂಡ್ಯ

ಉತ್ತರ: ರಕ್ತ ತೆಳು ಮಾಡೋ ಮಾತ್ರೆ ಮಾತ್ರ ಬಿಡೋಕೆ ಬಿಡ್ಬೇಡಿ. ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟಬಾರ್ದು ಅಂತ ಕೊಡೋದದು, ಎಷ್ಟು ದಿನ ಅನ್ನೋದನ್ನ ಡಾಕ್ಟ್ರು ಹೇಳ್ಬೇಕು, ಸ್ನೇಹಿತರಲ್ಲ.

ಇನ್ನು ರಷ್ಯಾದ ಕತೆ ಪೂರ್ತಿ ಸುಳ್ಳೇನಲ್ಲ. ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ವ್ಲಾದಿಮಿರ್ ಖಾವಿನ್ಸನ್ ಅನ್ನೋರು ಎರಡು-ಮೂರು-ನಾಕು ಅಮೈನೋ ಆಮ್ಲ (ಪ್ರೋಟೀನಿನ ಇಟ್ಟಿಗೆ ಅನ್ಕೊಳಿ) ಸೇರಿದ ಪುಟಾಣಿ ಪೆಪ್ಟೈಡ್‌ಗಳ ಮೇಲೆ ದಶಕಗಟ್ಟಲೆ ಕೆಲ್ಸ ಮಾಡಿದ್ರು, ಹಾರ್ಟಿಗೆ ಅಂತ ಹೇಳೋದು ಕಾರ್ಡಿಯೋಜೆನ್, ಅಲನಿನ್, ಗ್ಲುಟಾಮಿಕ್ ಆಮ್ಲ, ಆಸ್ಪಾರ್ಟಿಕ್ ಆಮ್ಲ, ಆರ್ಜಿನಿನ್ ಇಷ್ಟೇ ಅದರಲ್ಲಿರೋದು. ಎಳೇ ಇಲಿ, ಮುದಿ ಇಲಿ ಎರಡರ ಹೃದಯದ ಚೂರನ್ನೂ ಲ್ಯಾಬಲ್ಲಿ ಬೆಳೆಸಿ ಇದನ್ನ ಹಾಕಿದಾಗ ಕೋಶ ಜಾಸ್ತಿ ಬೆಳೀತು ಅಂತ ಅವರ ಗುಂಪು ಬರೆದಿದೆ. ಆಯ್ತಲ್ಲ, ಅದು ಗಾಜಿನ ತಟ್ಟೇಲಿ. ನಿಮ್ಮಪ್ಪಾರು ನುಂಗೋದು ಹೊಟ್ಟೆಗೆ, ಅಲ್ಲಿ ನಾಕು ಕೊಂಡಿಯ ಪೆಪ್ಟೈಡಿಗೂ ಹುರುಳಿಕಾಳಿನ ಪ್ರೋಟೀನಿಗೂ ಹೆಚ್ಚುಕಮ್ಮಿ ಒಂದೇ ಗತಿ, ಕತ್ತರಿಸಿ ಬಿಡಿಬಿಡಿ ಅಮೈನೋ ಆಮ್ಲ ಮಾಡಿ ಕಳಿಸುತ್ತೆ.

ಹಾರ್ಟ್ ಹೊಸದಾಗೋದು ಅಂದ್ರೆ ಎಷ್ಟು ಕಷ್ಟ ಅಂತ ಹೇಳ್ತೀನಿ ಕೇಳಿ, ನಂಗೆ ತುಂಬಾ ಇಷ್ಟವಾದ ಪ್ರಯೋಗ ಇದು. 1950-60ರ ದಶಕದಲ್ಲಿ ಬಯಲಲ್ಲಿ ಅಣುಬಾಂಬ್ ಸಿಡಿಸಿ ನೋಡ್ತಿದ್ರಲ್ಲ, ಆಗ ಗಾಳೀಲಿ ಕಾರ್ಬನ್-14 ಅನ್ನೋ ವಿಕಿರಣಶೀಲ ಇಂಗಾಲ ಏರಿ, ಆಮೇಲೆ ವರ್ಷ ವರ್ಷಕ್ಕೂ ಇಳೀತಾ ಬಂತು, ಅದು ಗಿಡ, ಊಟದ ಮೂಲಕ ಮನುಷ್ಯರ ಡಿಎನ್‌ಎಗೂ ಸೇರ್ಕೊಳ್ತು, ಸ್ವೀಡನ್ನಿನ ವಿಜ್ಞಾನಿಗಳು ತೀರಿಹೋದವರ ಹೃದಯದ ಕೋಶ ತಗೊಂಡು ಅದ್ರಲ್ಲಿ ಈ ಕಾರ್ಬನ್ ಎಷ್ಟಿದೆ ಅಂತ ಅಳೆದು ಆ ಕೋಶ ಹುಟ್ಟಿದ್ದು ಯಾವಾಗ ಅಂತ ಲೆಕ್ಕ ಹಾಕಿದ್ರು. 2009ರಲ್ಲಿ ಬಂದ ಉತ್ತರ: 25ರ ವಯಸ್ಸಲ್ಲಿ ವರ್ಷಕ್ಕೆ ಶೇ. 1ರಷ್ಟು ಸ್ನಾಯುಕೋಶ ಬದಲಾಗುತ್ತೆ, 75ಕ್ಕೆ ಬಂದ್ರೆ ಶೇ. 0.45. ಇದನ್ನ ಒಂದು ಡಬ್ಬಿ ಕ್ಯಾಪ್ಸೂಲ್ ತಿರುಗಿಸುತ್ತೆ ಅನ್ನೋರು ಮನುಷ್ಯರ ಮೇಲೆ ದೊಡ್ಡ ಟ್ರಯಲ್ ತೋರಿಸ್ಲಿ, ಆಮೇಲೆ ನೋಡಣ.

ಹಾಗಂತ ಪೆಪ್ಟೈಡ್ ಅಂದ್ರೆಲ್ಲಾ ಬೋಗಸ್ ಅಲ್ಲ. ಎಲಾಮಿಪ್ರೆಟೈಡ್ ಅಂತ ಇನ್ನೊಂದು ನಾಕು ಕೊಂಡಿಯದ್ದೇ ಇದೆ, ಕೋಶಕ್ಕೆ ಶಕ್ತಿ ತಯಾರಿಸೋ ಮೈಟೋಕಾಂಡ್ರಿಯಾಗೆ ಹೋಗಿ ಕೂರುತ್ತೆ, ಮುದಿ ಇಲಿಗಳ ಹಾರ್ಟ್ ಒಂದೊಂದು ಬಡಿತ ಆದ್ಮೇಲೆ ಸರಿಯಾಗಿ ಸಡಿಲಗೊಳ್ಳೋದು ಸುಧಾರಿಸಿದ್ದೂ ಉಂಟು. 2025ರಲ್ಲಿ ಅಮೆರಿಕದಲ್ಲಿ ಅನುಮತಿನೂ ಸಿಕ್ತು, ಆದ್ರೆ ಬಾರ್ತ್ ಸಿಂಡ್ರೋಮ್ ಅನ್ನೋ ಅಪರೂಪದ ಕಾಯಿಲೆಗೆ, ಅದೂ ಮಂಡಿ ನೆಟ್ಟಗೆ ಚಾಚೋ ಸ್ನಾಯುವಿನ ಬಲ ಹೆಚ್ಚಿದ್ದು ನೋಡಿ, ಮುಪ್ಪಿಗಲ್ಲ. ಚರ್ಮದಡಿ ಇಂಜೆಕ್ಷನ್ ಬೇರೆ, ನುಂಗೋದಲ್ಲ.

ಡಬ್ಬಿ ತಿರುಗಿಸಿ ಸಣ್ಣ ಅಕ್ಷರ ಓದಿ. ಫುಡ್ ಸಪ್ಲಿಮೆಂಟ್ ಅಂತಿದ್ರೆ ಔಷಧಿ ಅಂತ ಪರೀಕ್ಷೆ ಪಾಸಾಗಿಲ್ಲ ಅಂತ ಅರ್ಥ. ರಿಸರ್ಚ್ ಯೂಸ್ ಓನ್ಲಿ ಅಂತಿದ್ರಂತೂ ಮನುಷ್ಯರಿಗಲ್ಲವೇ ಅಲ್ಲ. ಅಪ್ಪ ಒಪ್ಪದಿದ್ರೆ ಜಗಳ ಬೇಡ, ಡಬ್ಬಿ ಸಮೇತ ಡಾಕ್ಟ್ರ ಮುಂದೆ ಕೂರಿಸಿ, ಮನೆಯವರು ಹೇಳಿದ್ದು ಯಾವತ್ತು ಕೇಳವ್ರೆ ಹೇಳಿ.

ಪ್ರಶ್ನೆ: ನಮ್ಮಮ್ಮನಿಗೆ ಉಬ್ಬಸ, ಕಾಲು ಊತ. ಡಾಕ್ಟರ್ ಎನ್‌ಟಿ-ಪ್ರೋಬಿಎನ್‌ಪಿ ಟೆಸ್ಟ್ ಬರೆದಿದಾರೆ, ಅದೂ ಪೆಪ್ಟೈಡಂತೆ, ಯಾಕಿದು?
– ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಇದು ಹಾರ್ಟೇ ತಯಾರಿಸೋದು ಮೇಡಂ. ಒತ್ತಡಕ್ಕೆ ಗೋಡೆ ಹಿಗ್ಗಿದಾಗ ನೀರು, ಉಪ್ಪು ಹೊರಗೆ ಹಾಕು ಅಂತ ಕಿಡ್ನಿಗೆ ಹೇಳೋಕೆ ಬಿಎನ್‌ಪಿ ಅನ್ನೋ ಪೆಪ್ಟೈಡ್ ಬಿಡುತ್ತೆ, ಅದರ ಜೊತೆ ಕಳಚಿಕೊಳ್ಳೋ ತುಂಡೇ ಈ ಟೆಸ್ಟಲ್ಲಿ ಅಳೆಯೋದು. ಉಬ್ಬಸ ಶ್ವಾಸಕೋಶದ್ದೋ ಹಾರ್ಟಿಂದೋ ತಿಳಿಯೋಕೆ ಒಳ್ಳೆ ಟೆಸ್ಟು. ವಯಸ್ಸಾದಂಗೆ ಏರುತ್ತೆ, ಕಿಡ್ನಿ ತೊಂದ್ರೆ ಇದ್ರೂ ಏರುತ್ತೆ, ದಪ್ಪ ಇರೋರಲ್ಲಿ ಕಮ್ಮಿ ತೋರಿಸುತ್ತೆ, ಹಾಗಾಗಿ ನಂಬರ್ ನೋಡಿ ಗೂಗಲ್ ಮಾಡಿ ಹೆದರ್ಕೋಬೇಡಿ, ಡಾಕ್ಟರ್ ಹತ್ರ ಹೋಗುವಾಗ ಕಿಡ್ನಿ ಹೇಗಿದೆ ಅಂತ ತೋರಿಸೋ ಕ್ರಿಯಾಟಿನಿನ್ ರಿಪೋರ್ಟೂ ಜೊತೇಲಿ ಇಟ್ಕೊಳಿ.